ಕಾಶಿಬಾಯಿ ಕೊಟ್ಟ ಖೋ

ಆ ಭಾನುವಾರ ಬೆಳಗಿನಿಂದಲೂ ಕಾಶಿಬಾಯಿಯ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಲಿಂಗಪೂಜೆಯನ್ನು ಬೇಗ ಮುಗಿಸಿದಳು. ರೊಟ್ಟಿ ಬಡಿದು ಶೇಂಗಾ ಹಿಂಡಿ ಕಟ್ಟಿಕೊಂಡಳು, ಬಾಟಲಿಗಳಿಗೆ ನೀರು ತುಂಬಿದಳು, ಅಂಗಡಿಯಿಂದ ತರಿಸಿದ್ದ ಸ್ಟೀಲಿನ ಹೊಸ ಬೋಗುಣಿಯನ್ನು ಚೀಲಕ್ಕೆ ಹಾಕಿದಳು. ಬೋಗುಣಿ ನಾಯಿಗೆ ನೀರು ಕುಡಿಸಲಿಕ್ಕೆ. ಪಾತ್ರೆ ಅಂಗಡಿಯ ಮಾಲೀಕನಾದ ಗಂಡ ಮನ್ಮಥಪ್ಪ ಅದನ್ನು ನೋಡಿಯೂ ನೋಡದವನ ಹಾಗೆ ನಿಂತಿದ್ದ.

"ನಾಯಿ ಲಗ್ನಕ್ಕ ಹೊಂಟೀವೇನು ನಾವು?" ಎಂದು ಕೊನೆಗೆ ಕೇಳಿದ.

"ಇವತ್ತೊಂದಿನ ಸುಮ್ಮ ಇರ್ರಿ. ಏನ್ ಅನ್ನೋದದ ನಾಳಿಗಿ ಅನ್ರಿ," ಎಂದಳು.

ನಾಳೆ ಎಂದರೆ ಸೋಮವಾರ. ಬೀದರ್ ಜಿಲ್ಲೆಯ ಭಾಲ್ಕಿಯಿಂದ ಮೈದುನ ಶಿವಲಿಂಗ ಟೆಂಪೋದಲ್ಲಿ ತೊಗರಿ ಹೇರಿಕೊಂಡು ನಾಸಿಕ್‌ಗೆ ಬರುವವನಿದ್ದ. ಹೋಗುವಾಗ ಅದೇ ಟೆಂಪೋದಲ್ಲಿ ನಾಯಿ ಕಾಜುವೂ ಹೋಗಬೇಕೆಂದು ಗಂಡ ತೀರ್ಮಾನಿಸಿದ್ದ. ಶಿವಲಿಂಗ ಒಳ್ಳೆಯವನೇ, ಆದರೆ ಅವನ ಗೋದಾಮಿನ ಕಂಬ ಮತ್ತು ಆ ಕಂಬದ ಸರಪಳಿ ಎರಡನ್ನೂ ಕಾಶಿಬಾಯಿ ಕಣ್ಣಾರೆ ನೋಡಿದ್ದಳು.

ಕಾಜುವನ್ನು ತಂದವಳು ಮಗಳು ರೂಪಾ. ಗೋಡಂಬಿ ಬಣ್ಣ, ನೀಳ ಕಾಲು, ಬೆನ್ನಿಗೆ ಅಂಟಿದ ಹೊಟ್ಟೆಯ ಮುಧೋಳ ನಾಯಿ ಅದು. ರೂಪಾಗೆ ಸಂಭಾಜಿನಗರದಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತು, ನಾಯಿ ಅವ್ವನ ಕೊರಳಿಗೆ ಬಿತ್ತು. ಮನೆಯಲ್ಲಿ ಇದಾದರೂ ಇರಬೇಕು, ಇಲ್ಲವೇ ನಾನಾದರೂ ಇರಬೇಕು ಎಂದು ಮೊದಲ ವಾರ ಗುಡುಗಿದ್ದವಳು ಇದೇ ಕಾಶಿಬಾಯಿ. ಆದರೆ ಅವಳು ಪೂಜೆಗೆ ಕೂತಾಗಲೆಲ್ಲ ಅದು ಹೊಸ್ತಿಲಿನಾಚೆ ಮುಂಗಾಲ ಮೇಲೆ ಗದ್ದವಿಟ್ಟು, ಪೂಜೆ ಮುಗಿಯುವ ತನಕ ಮಿಸುಕಾಡದೆ ಕಾಯುತ್ತಿತ್ತು. ಯಾರು ಕಲಿಸಿದ್ದರೋ ಏನೋ. ಈಗ ಅದರ ಪಾಲಿನ ರೊಟ್ಟಿ ಬಡಿಯದೆ ಅವಳಿಗೆ ತುತ್ತು ಇಳಿಯುವುದಿಲ್ಲ.

ತೊಂದರೆ ಏನೆಂದರೆ, ಓಡಲಿಕ್ಕೆಂದೇ ಹುಟ್ಟಿದ ಆ ಪ್ರಾಣಿ ಮೂರನೇ ಮಹಡಿಯ ಮನೆಯಲ್ಲಿತ್ತು. ಕೆಳಗೆ ಹಗ್ಗ ಬಿಚ್ಚಿದರೆ ನೇರ ಹೈವೇಗೆ ಹೋಗುತ್ತದೆ. ಹಾಗಾಗಿ ಕಾಲಿನ ಕಸುವನ್ನೆಲ್ಲ ಅದು ಹಲ್ಲಿನಲ್ಲಿ ತೀರಿಸಿಕೊಂಡಿತು. ಪರದೆ ಹೋಯಿತು, ಸೋಫಾದ ಹತ್ತಿ ಹೊರಬಂತು. ಸೊಸೈಟಿಯ ಹೆಂಗಸರು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ, ಪಾಪ, ಇದಕ್ಕೆ ಊಟ ಹಾಕುವುದಿಲ್ಲವೇ ಎಂದು ಕೇಳಿ ಜೀವ ತಿಂದರು. ಕಡೆಗೆ ಮನ್ಮಥಪ್ಪನ ಕೊಲ್ಹಾಪುರಿ ಚಪ್ಪಲಿಯ ಮೂರನೆಯ ಜೋಡಿ ಚೂರಾದ ದಿನ ಅವನು ತಮ್ಮನಿಗೆ ಫೋನು ಹಚ್ಚಿದ.

ಸುದ್ದಿ ಕೇಳಿದ ರೂಪಾ ಫೋನಿನಲ್ಲೇ ಅತ್ತಳು. ಆಮೇಲೆ ಅದೇ ಫೋನಿನಲ್ಲಿ ಹುಡುಕಿ ಹುಡುಕಿ ಒಂದು ದಾರಿ ಕಂಡುಕೊಂಡಳು. "ಅವ್ವಾ, ಬುಕಿಂಗ್ ಝಾಲಂ, ಆಗ್ಯದ. ದಿಂಡೋರಿ ರೋಡಿನ್ಯಾಗ ಒಂದ್ ಹೊಲ ಅದ. ಸುತ್ತ ಜಾಳಿ, ಒಳಗ ನಮ್ಮ ಕಾಜು ಅಕೇಲಾ, ಬ್ಯಾರೆ ನಾಯಿ ಇರಂಗಿಲ್ಲ. ಒಂದ್ ತಾಸು ಬಿಟ್ಟು ಓಡ್ಸಬಹುದು. ಅಪ್ಪಗ ನೀನೇ ಹೇಳು."

ಅಪ್ಪನಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಚಹಾದ ಕಪ್ಪನ್ನೇ ಕೆಳಗಿಟ್ಟ. "ಊರಾಗ ಹೊಲ ಬಿಟ್ಟು ಬಂದೀವಿ. ಇಲ್ಲಿ ನಾಯಿಗಿ ಹೊಲ ಬಾಡಿಗಿ ಹಿಡೀಬೇಕೇನು?" ಆದರೂ ಮಗಳ ಅಳು ಅವನನ್ನೂ ತಟ್ಟಿತ್ತು. ಒಂದು ಭಾನುವಾರ ನೋಡೋಣ ಎಂದ. ಆ ಹೊಲ ವಾರವಾರ ಸಿಗುವುದಾದರೆ, ನಾಯಿ ತಣ್ಣಗಾದರೆ ಸರಿ. ಇಲ್ಲವಾದರೆ ಟೆಂಪೋ.

ಹೀಗೆ ಅಂಗಡಿಯ ವ್ಯಾನಿನಲ್ಲಿ, ಡಬ್ಬಿ ಕೊಡಗಳ ಗಲಗಲ ಸದ್ದಿನ ನಡುವೆ, ಕಾಜುವಿನ ಸವಾರಿ ಹೊರಟಿತು. ಊರು ದಾಟಿ ದ್ರಾಕ್ಷಿ ತೋಟಗಳು ಶುರುವಾದ ಕೂಡಲೇ ಅದು ಮೂಗನ್ನು ಕಿಟಕಿಯ ಸಂದಿಗೆ ತೂರಿಸಿ ಕುಂಯ್‌ಗುಟ್ಟಿತು. ಕಾಶಿಬಾಯಿಯೂ ಸೀಟಿನ ಅಂಚಿಗೆ ಬಂದು ಕೂತಿದ್ದಳು.

ಹೊಲ ಅಭಿಜಿತ್ ಎಂಬ ತರುಣನದು. ದ್ರಾಕ್ಷಿ ಬಳ್ಳಿ ಕಿತ್ತು ಹುಲ್ಲು ಬೆಳೆಸಿದ್ದ. ಸುತ್ತ ಆಳೆತ್ತರದ ಕಬ್ಬಿಣದ ಜಾಳಿಗೆ, ಅದಕ್ಕೆ ಹೊರಗಿನಿಂದ ಏನೂ ಕಾಣದಂತೆ ಹಸಿರು ಪರದೆ. ಅವನು ಮರಾಠಿಯಲ್ಲಿ ನಿಯಮ ಹೇಳಿದ: ಒಂದು ತಾಸು ಹೊಲ ನಿಮ್ಮದು, ಒಳಗೆ ಬೇರೆ ಯಾರೂ ಬರುವುದಿಲ್ಲ. ಆದರೆ ಮುಂದಿನವರ ನಾಯಿಗೆ ಇನ್ನೊಂದು ನಾಯಿ ಕಂಡರೆ ಆಗದು, ಮೈಮೇಲೆ ಬೀಳುತ್ತದೆ. ಆದ್ದರಿಂದ ಸಮಯಕ್ಕೆ ಸರಿಯಾಗಿ ಹಗ್ಗ ಹಾಕಿ ಹೊರಗೆ ಬರಬೇಕು. ಯಾರು ತಮ್ಮ ನಾಯಿಯನ್ನು ತಾವು ಹಿಡಿಯಲಾರರೋ ಅವರಿಗೆ ಮತ್ತೆ ಬುಕಿಂಗ್ ಇಲ್ಲ. "ನಕ್ಕೀ, ಕಾಕೂ?" ಎಂದು ಖಾತ್ರಿ ಮಾಡಿಕೊಳ್ಳಲು ಕೇಳಿದ. ಕಾಶಿಬಾಯಿ ನಕ್ಕೀ ಎಂದಳು. ಆಗ ಅವಳು ಯಾವುದಕ್ಕೂ ಹೂಂ ಅನ್ನುತ್ತಿದ್ದಳು.

ಗೇಟು ಮುಚ್ಚಿತು. ಅವಳು ಹಗ್ಗದ ಕೊಂಡಿ ಬಿಚ್ಚಿದಳು.

ಕಾಜುವಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಎರಡು ಹೆಜ್ಜೆ ಇಟ್ಟು ಹಿಂದಕ್ಕೆ ತಿರುಗಿ ನೋಡಿತು, ಹಗ್ಗ ಎಳೆಯುತ್ತದೇನೋ ಎಂಬಂತೆ. ಎಳೆಯಲಿಲ್ಲ. ಆಮೇಲೆ ಹೋಯಿತು ನೋಡಿ! ಬೆನ್ನು ಬಾಗಿ, ಹಿಂಗಾಲು ಕಿವಿಯವರೆಗೆ ಬಂದು, ಇಡೀ ಮೈ ನೆಲ ಬಿಟ್ಟು ಹಾರಿತು. ಆ ತುದಿ ಮುಟ್ಟಿ ಈ ತುದಿಗೆ ಬಂತು, ಅವರಿಬ್ಬರ ನಡುವಿನಿಂದ ಗಾಳಿ ಬೀಸಿಕೊಂಡು ನುಗ್ಗಿ, ಬೇಲಿಯ ಹತ್ತಿರ ಸರಕ್ಕನೆ ಹೊರಳಿ ಮತ್ತೆ ಓಡಿತು. "ಯಪ್ಪಾ," ಎಂದ ಮನ್ಮಥಪ್ಪ. ಕಾಶಿಬಾಯಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅವಳ ಜೀವವೂ ಆ ನಾಯಿಯ ಹಿಂದೆ ಹೊಲವನ್ನೆಲ್ಲ ಸುತ್ತುತ್ತಿತ್ತು.

ಹಾಗೆ ಹೊರಳಿ ಹೊರಳಿ ಓಡುವುದು ಅವಳಿಗೆ ಗೊತ್ತಿತ್ತು. ಭಾಲ್ಕಿಯ ಕನ್ಯಾಶಾಲೆಯ ಖೋ-ಖೋ ತಂಡದಲ್ಲಿ ಕಾಶಿಯನ್ನು ಮುಟ್ಟಿದವರೇ ಕಡಿಮೆ. ಬೆನ್ನಟ್ಟುವವಳ ಕೈಗೆ ಇನ್ನೇನು ಸಿಕ್ಕಳು ಅನ್ನುವಷ್ಟರಲ್ಲಿ ಮಗ್ಗುಲು ಬದಲಿಸಿ ಮಾಯವಾಗುತ್ತಿದ್ದಳು. ಹತ್ತನೆಯ ಇಯತ್ತೆ ಮುಗಿಯುತ್ತಲೇ ಲಗ್ನವಾಯಿತು, ಸೆರಗು ತಲೆಗೆ ಬಂತು. ಆಮೇಲೆ ಓಡಿದ್ದೆಂದರೆ ಸಿಟಿ ಬಸ್ಸಿನ ಹಿಂದೆ ಮಾತ್ರ.

ತಾಸು ಕಳೆದದ್ದೇ ತಿಳಿಯಲಿಲ್ಲ. ಗೇಟಿನ ಹೊರಗೆ ಕಾರು ನಿಂತು, ಒಳಗಿನಿಂದ ಎದೆ ಝಲ್ಲೆನಿಸುವ ದಪ್ಪ ಬೊಗಳು ಕೇಳಿತು. ಅಭಿಜಿತ್ ಗೇಟಿನ ಮೇಲಿನಿಂದ ಇಣುಕಿ ಕೈಗಡಿಯಾರ ತೋರಿಸಿದ.

"ಕಾಜೂ, ಬಾರೋ," ಎಂದಳು ಕಾಶಿಬಾಯಿ. ಕಾಜು ಬರಲಿಲ್ಲ. ರೊಟ್ಟಿ ತೋರಿಸಿದಳು. ಬೋಗುಣಿ ಬಡಿದಳು. ಅದು ಹತ್ತಿರ ಬಂದಂತೆ ಮಾಡಿ, ಮನ್ಮಥಪ್ಪ ಹುಲ್ಲಿನ ತಂಪಿಗೆ ಬಿಟ್ಟಿದ್ದ ಚಪ್ಪಲಿ ಕಚ್ಚಿಕೊಂಡು ಪರಾರಿಯಾಯಿತು. ಅವನು ಬೆನ್ನಟ್ಟಿದ, ಅವಳು ಆ ಕಡೆಯಿಂದ ಅಡ್ಡಗಟ್ಟಿದಳು. ಇಬ್ಬರನ್ನೂ ಅದು ಸಲೀಸಾಗಿ ದಾಟಿತು. ಮನ್ಮಥಪ್ಪ ಏದುಸಿರು ಬಿಡುತ್ತಾ ಹೊಲದ ನಡುವೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

"ಆಗಂಗಿಲ್ಲ ಕಾಶಿ. ಇದು ನಮ್ ಕೈಯಾಗಿಂದಲ್ಲ. ಶಿವಲಿಂಗನೇ ಒಯ್ಯಲಿ."

ತುಸು ದೂರದಲ್ಲಿ ಕಾಜು ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ, ಚಪ್ಪಲಿ ಕಚ್ಚಿಕೊಂಡೇ ಅವಳನ್ನು ನೋಡುತ್ತಿತ್ತು. ಆ ನೋಟದ ಗುರುತು ಅವಳಿಗೆ ಹತ್ತಿತು. ಬೆನ್ನಟ್ಟುವವಳನ್ನು ತಾನೂ ಹಾಗೇ ಕೆಣಕಿ ನಿಲ್ಲುತ್ತಿದ್ದಳು. ಇದಕ್ಕೆ ನಾವು ಹಿಡಿಯುವವರು, ತಾನು ಓಡುವವನು. ಹಾಗಾದರೆ ನಾವು ಎಷ್ಟು ಬೆನ್ನಟ್ಟಿದರೆ ಅಷ್ಟು ಓಡುತ್ತದೆ.

ಕಾಶಿಬಾಯಿ ಸೆರಗನ್ನು ಸೊಂಟಕ್ಕೆ ಬಿಗಿದಳು, ಚಪ್ಪಲಿ ಕಳಚಿದಳು, ಕಾಜುವಿಗೆ ಬೆನ್ನು ಮಾಡಿ ಓಟ ಕಿತ್ತಳು.

ಮೊಣಕಾಲು ನೆಟ್ಟಗಿರಲಿಲ್ಲ, ಸೀರೆ ಕಾಲಿಗೆ ತೊಡರುತ್ತಿತ್ತು. ಆದರೂ ಗಾಳಿ ಮುಖಕ್ಕೆ ಬಡಿದದ್ದೇ ತಡ, ಮೈಗೆ ಹಳೆಯದೆಲ್ಲ ನೆನಪಾಯಿತು. ಹಿಂದೆ ಪಟಪಟ ಸದ್ದು. ಕಾಜು ಚಪ್ಪಲಿ ಉಗುಳಿ ಬೆನ್ನಿಗೆ ಬಿದ್ದಿತ್ತು! ಹತ್ತಿರ ಬಂತೆನ್ನುವಾಗ ಅವಳು ಮಗ್ಗುಲು ಬದಲಿಸಿದಳು. ನಾಯಿ ವೇಗ ತಡೆಯಲಾರದೆ ಮುಂದಕ್ಕೆ ಜಾರಿತು. ಕಾಶಿಬಾಯಿ ಕೇಕೆ ಹಾಕಿ ನಕ್ಕಳು. ಎದುರಿಗೆ ಗಂಡ ಇನ್ನೂ ಕುಕ್ಕರಗಾಲಿನಲ್ಲೇ ಕೂತಿದ್ದ, ಥೇಟು ಖೋ-ಖೋ ಸಾಲಿನ ಆಟಗಾರನ ಹಾಗೆ. ಅವಳ ಉಸಿರು ಮುಗಿಯುತ್ತಾ ಬಂದಿತ್ತು. ಖೋ ಕೊಡಬೇಕಾದವರು ಬೆನ್ನಟ್ಟುವವರೇ ಹೊರತು ಓಡುವವರಲ್ಲ, ಆದರೆ ಈ ಹೊಲದಲ್ಲಿ ಆಟದ ನಿಯಮ ಕೇಳುವವರಾರು? ಓಡುತ್ತಲೇ ಅವನ ಬೆನ್ನಿಗೆ ಪಟ್ಟನೆ ಬಡಿದು "ಖೋ!" ಎಂದಳು.

"ಆಂ?"

"ಏಳ್ರಿ, ಓಡ್ರಿ!"

ಹೆಂಡತಿಗೆ ಏನಾಯಿತೆಂದು ಕೇಳಲೂ ಅವನಿಗೆ ಪುರಸತ್ತಿರಲಿಲ್ಲ. ಧೋತರ ಹಿಡಿದು ಎದ್ದ, ಬರಿಗಾಲಿನಲ್ಲಿ ಓಡಿದ. ಹೊಸ ಬೇಟೆ ಕಂಡ ಕಾಜು ಗಕ್ಕನೆ ಹೊರಳಿ ಅವನ ಹಿಂದೆ ಬಿತ್ತು. ಮನ್ಮಥಪ್ಪ ಎಷ್ಟೋ ವರ್ಷಗಳ ಗಲ್ಲಾಪೆಟ್ಟಿಗೆಯ ಹೊಟ್ಟೆ ಹೊತ್ತುಕೊಂಡು ಸ್ವಲ್ಪ ದೂರ ಓಡಿ, ಹುಲ್ಲಿನಲ್ಲಿ ಮುಗ್ಗರಿಸಿ ಬಿದ್ದ. ಮರುಕ್ಷಣ ಕಾಜು ಅವನೆದೆಯ ಮೇಲಿತ್ತು, ಮೀಸೆ, ವಿಭೂತಿ, ಕನ್ನಡಕ ಎಲ್ಲವನ್ನೂ ನೆಕ್ಕುತ್ತಿತ್ತು. ಅವನು ಅದರ ಕೊರಳಪಟ್ಟಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.

"ಹಿಡ್ದೀನಿ ಕಾಶಿ. ಹಗ್ಗ ತಾ ಲಗೂನ," ಎಂದ. ಮಲಗಿದಲ್ಲೇ ಅವನ ಹೊಟ್ಟೆ ನಗುವಿಗೆ ಕುಲುಕುತ್ತಿತ್ತು. ಅವನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೆಂದು ಅವಳಿಗೆ ನೆನಪಾಗಲಿಲ್ಲ.

ಗೇಟಿನ ಹೊರಗೆ ಅಭಿಜಿತ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದ. ಸ್ವಲ್ಪ ತಡವಾಗಿದೆ, ಆದರೂ ಹಿಡಿದಿರಲ್ಲ, ಮುಂದಿನ ಭಾನುವಾರವೂ ಬನ್ನಿ ಎಂದ. ಅಷ್ಟರಲ್ಲಿ ಮನ್ಮಥಪ್ಪನ ಫೋನು ಹೊಡೆದುಕೊಂಡಿತು. ಶಿವಲಿಂಗ. ಕಾಶಿಬಾಯಿ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಳು.

"ಬಾ ತಮ್ಮಾ, ನಾಳಿಗಿ ಊಟಕ್ಕೇ ಬಾ," ಎಂದ ಮನ್ಮಥಪ್ಪ, ಧೂಳಿನ ಮೀಸೆ ಒರೆಸಿಕೊಳ್ಳುತ್ತಾ. "ತೊಗರಿ ಇಳಿಸಿ ಹೋಗು. ನಾಯಿ ಬರಂಗಿಲ್ಲ. ಐತಾರಕ್ಕೊಮ್ಮಿ ಅದಕ್ಕ ಆಟ ಅದ."

ವ್ಯಾನಿನಲ್ಲಿ ಕಾಜು ಅವಳ ತೊಡೆಯ ಮೇಲೆ ತಲೆಯಿಟ್ಟು ಹೊರಟ ಕೂಡಲೇ ನಿದ್ದೆ ಹೋಯಿತು. ಕಾಶಿಬಾಯಿ ಸೆರಗನ್ನು ಸೊಂಟದಿಂದ ಬಿಚ್ಚಿ ತಲೆಯ ಮೇಲೆ ಹೊದೆಯಲು ಹೋದಳು. ಮನ್ಮಥಪ್ಪ ರಸ್ತೆಯ ಮೇಲಿನ ಕಣ್ಣು ಕೀಳದೆ ಹೇಳಿದ:

"ಇರ್ಲಿ ಬಿಡು, ಸೆಕಿ ಅದ. ಮುಂದಿನ ಐತಾರ ನೀ ಕುಂದ್ರು. ಖೋ ನಾ ಕೊಡ್ತೀನಿ."