ಬಲಗಾಲು ಮಡಿಸಿದ ಕಾರು

ಮೊನ್ನೆ ಮೈಸೂರಿನಿಂದ ಹುಣಸೂರಿಗೆ ಬರುವಾಗ ಕಾರಿನಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಮುಂದೊಂದು ಹುಲ್ಲಿನ ಲಾರಿ. ಅದರ ಹಿಂದೆ ದೃಷ್ಟಿಗೆಂದು ಕಟ್ಟಿದ ಹಳೇ ಚಪ್ಪಲಿ ತೂಗಾಡುತ್ತಿತ್ತು. ನಾನು ಒಬ್ಬನೇ ನಗತೊಡಗಿದೆ. “ಅದರಲ್ಲಿ ನಗೋ ಅಂಥಾದ್ದು ಏನು ಕಂಡ್ರಿ?” ಅಂದಳು. ಹೇಳತೊಡಗಿದೆ...

ಹ್ಯಾಂಡ್‌ಪೋಸ್ಟ್ ಎಂಬ ಊರಿನ ಗಾಡಿ ರಿಪೇರಿ ಮೇಸ್ತ್ರಿ ನೆನಪಾಗಿದ್ದರು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತೇನೋ. ನಾನಾಗ ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಬಳಿ ಡ್ರೈವರಾಗಿದ್ದೆ. ಯಜಮಾನರು ಒಂದು ವಿದೇಶಿ ಕಾರು ತಂದಿದ್ದರು. ಅದಕ್ಕೆ ಸ್ಪ್ರಿಂಗೇ ಇಲ್ಲ. ನಾಲ್ಕು ಚಕ್ರದ ಮೇಲೂ ಗಾಳಿ ತುಂಬಿದ ರಬ್ಬರ್ ಚೀಲ. ಜನ ಹತ್ತಿದರೆ ತಾನೇ ಗಾಳಿ ತುಂಬಿಕೊಂಡು ಏಳುವುದು, ಇಳಿದರೆ ತಾನೇ ಬಿಟ್ಟು ತಗ್ಗುವುದು. ಬೀಗದಕೈ ಕೊಡುವಾಗ ಯಜಮಾನರು ಒಂದೇ ಮಾತು ಹೇಳಿದ್ದರು: “ಗುಂಡಿಗೆ ಇಳಿಸಿದ್ರೆ ಇಳಿಸ್ದೆ ಅನ್ನು, ಕ್ಷಮಿಸ್ತೀನಿ. ಸುಳ್ಳು ಹೇಳಿದ ದಿನ ಕೀ ಇಟ್ಟು ಹೊರಡು.”

ಆ ದಿನ ಯಜಮಾನರೂ ನಾನೂ ಅಂತರಸಂತೆ ಕಡೆಯ ಜಮೀನು ನೋಡಿಕೊಂಡು ವಾಪಸಾಗುತ್ತಿದ್ದೆವು. ಹ್ಯಾಂಡ್‌ಪೋಸ್ಟ್ ಹತ್ತಿರ ಬರುತ್ತಲೇ ಸ್ಟಿಯರಿಂಗ್ ಮುಂದಿನ ಹಳದಿ ದೀಪ ಹತ್ತಿತು. ಇಳಿದು ನೋಡಿದರೆ ಹಿಂದಿನ ಬಲಭಾಗ ತಗ್ಗಿ ಹೋಗಿದೆ.

“ಎಲ್ಲಿ ಹೊಡೆದೆ?”

“ಎಲ್ಲೂ ಇಲ್ಲ ಯಜಮಾನ್ರೆ.”

“ಹಾಗಾದ್ರೆ ಸುಸ್ತಾಯ್ತು ಅಂತ ತಾನೇ ಕೂತ್ಕೊಂತೇನಯ್ಯಾ?”

ಬೆಂಗಳೂರಿನ ಕಂಪನಿಯವರಿಗೆ ಫೋನು ಹೋಯಿತು. ಚೀಲ ತೂತಾಗಿರಬಹುದು, ಓಡಿಸಬೇಡಿ, ಲಾರಿ ಮೇಲೆ ಹೇರಿ ಕಳಿಸಿ ಎಂದರು. ಯಜಮಾನರು ನನ್ನ ಮುಖ ನೋಡಿದರು. “ಚೀಲ ಹರಿದಿದ್ರೆ ಕಲ್ಲಿಗೆ ಬಡಿಸಿದ್ದೀಯ ಅಂತಲೇ ಅರ್ಥ. ನಾಳೆಯಿಂದ ಬರಬೇಡ.” ಆಗ ತಾನೇ ಮಗಳನ್ನು ಶಾಲೆಗೆ ಸೇರಿಸಿದ್ದೆ.

ರಸ್ತೆಯ ಆಚೆ ಬದಿಯಲ್ಲಿ ಮೇಸ್ತ್ರಿಯ ಶೆಡ್ಡು. ಜೀಪು, ಟ್ರ್ಯಾಕ್ಟರ್ ಬಿಟ್ಟರೆ ಬೇರೇನೂ ಅಲ್ಲಿಗೆ ಬರುತ್ತಿರಲಿಲ್ಲ. ಕರೆಯುವ ಮೊದಲೇ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಬಂದು, ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಕಾರಿನ ಸುತ್ತ ಒಂದು ಸುತ್ತು ಹಾಕಿದರು. “ಬಲಗಾಲ್ ಮಡುಚ್ಕೊಂಡ್ ಕುಂತದಲ್ಲಾ ನಿಮ್ಮ ಬಸವ!”

“ನಿನಗೆ ಇದೆಲ್ಲ ಗೊತ್ತೇನಪ್ಪಾ?” ಯಜಮಾನರಿಗೆ ಅನುಮಾನ.

“ಗೊತ್ತಿಲ್ಲ ಕಣ್ರೀ. ಗೊತ್ತಿಲ್ಲ ಅನ್ನಾದ್ ಗೊತ್ತು. ಅದ್ಕೇ ಮೊದ್ಲು ನೋಡ್ತೀನಿ, ಆಮ್ಯಾಕೆ ಬಿಚ್ತೀನಿ.”

ಮಗ್ಗಿನಲ್ಲಿ ಬಟ್ಟೆ ಸೋಪು ಕಲಸಿ, ಗಡ್ಡದ ಬ್ರಷ್ಷಿನಿಂದ ಚೀಲಕ್ಕೆಲ್ಲ ನೊರೆ ಬಳಿದರು. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ಇಂಜಿನ್ ಆಫ್ ಮಾಡಿಸಿ, ಚಕ್ರದ ಮೇಲೆ ಕಾರಿನ ಮೈಯ ಅಂಚು ನೆಲದಿಂದ ಎಷ್ಟು ಎತ್ತರವಿದೆ ಎಂದು ಒಂದು ಸರ್ವೆ ಮರದ ಕಡ್ಡಿಯನ್ನು ಅಳತೆಗೆ ಮುರಿದು ನಿಲ್ಲಿಸಿದರು. ಟೀ ಬಂತು. ಯಜಮಾನರು ಬೆಂಚಿನ ಮೇಲೆ ಕೂತು ಕುಡಿದರು, ನಾನು ಲೋಟ ಹಿಡಿದು ಕಡ್ಡಿಯನ್ನೇ ನೋಡುತ್ತಾ ನಿಂತೆ. ಅರ್ಧ ಗಂಟೆಯಾದರೂ ಕಾರು ತಗ್ಗಿ ಕಡ್ಡಿಯ ಮೇಲೆ ಕೂರಲಿಲ್ಲ.

ಕಡ್ಡಿ ತೆಗೆದು, “ಈಗ ಸ್ಟಾರ್ಟ್ ಮಾಡು ಕಣ್ಲಾ” ಅಂದರು. ಮಾಡಿದೆ. ಉಸ್ಸೆಂದು ಎರಡು ಬೆರಳು ಇಳಿಯಿತು.

ಮೇಸ್ತ್ರಿ ತೊಡೆ ತಟ್ಟಿದರು. “ತೂತಾಗಿದ್ರೆ ನಿಂತಾಗ್ಲೂ ಇಳೀಬೇಕಲ್ವಾ ಸ್ವಾಮೀ? ಇದು ಸ್ಟಾರ್ಟ್ ಮಾಡ್ದಾಗ ಮಾತ್ರ ಇಳೀತದೆ. ಚೀಲ ಚೆನ್ನಾಗದೆ. ಯಾರೋ ‘ನೀ ಎತ್ತರ ಆಗಿದ್ದೀಯ, ಇಳಿ ಇಳಿ’ ಅಂತ ಸುಳ್ ಯೋಳ್ತಾ ಅವ್ರೆ ಇದ್ಕೆ.”

ಜಾಕು ಕೊಟ್ಟು, ಮರದ ದಿಮ್ಮಿ ಇಟ್ಟು ಅಡಿಗೆ ತೂರಿದರು. ಮೊದಲು ಎಡಗಡೆ ನೋಡಿದರು, ಆಮೇಲೆ ಬಲಗಡೆ. “ಟಾರ್ಚ್ ತಕಂಡ್ ಬಾರ್ಲಾ ಇಲ್ಲಿ” ಎಂದು ನನ್ನನ್ನು ಕರೆದರು.

ಎಡಗಡೆ, ಕಾರಿನ ಮೈಗೆ ಕೂರಿಸಿದ ಪುಟ್ಟ ಡಬ್ಬಿ. ಅದರ ಕೈಗೂ ಚಕ್ರದ ತೋಳಿಗೂ ನಡುವೆ ಬೆರಳು ಗಾತ್ರದ ಕಡ್ಡಿ. ಎತ್ತರ ಅಳೆದು ಹೇಳುವ ಸೆನ್ಸರ್ ಅದೇ. ಬಲಗಡೆಯ ಅಂಥದೇ ಕಡ್ಡಿ, ಚಕ್ರದ ತೋಳಿನ ಮೇಲೆ ಅದನ್ನು ಕೂರಿಸಿದ್ದ ಗುಂಡಿನಿಂದ ಕಳಚಿಕೊಂಡಿತ್ತು. ಅದರ ತುದಿಗೆ ಕಪ್ಪು ದಾರದಲ್ಲಿ, ಕೆಸರು ಮೆತ್ತಿ ಸೇರು ತೂಕವಾದ ಒಂದು ಚಪ್ಪಲಿ ಜೋತು ಬಿದ್ದು ಸೆನ್ಸರಿನ ಕೈಯನ್ನು ಕೆಳಕ್ಕೆ ಎಳೆದು ಹಿಡಿದಿತ್ತು.

ಕಟ್ಟಿದವನು ನಾನೇ. ಆಯುಧಪೂಜೆಯ ಮಾರನೇ ದಿನ. ಅಂಥ ಕಾರಿನ ಹಿಂದೆ ಚಪ್ಪಲಿ ತೂಗಿದರೆ ಯಜಮಾನರು ಉಗಿಯುತ್ತಾರೆ. ಕಟ್ಟದಿದ್ದರೆ ಊರ ಕಣ್ಣೆಲ್ಲ ಅದರ ಮೇಲೆ. ಅದಕ್ಕೇ ಯಾರಿಗೂ ಕಾಣದ ಕಡೆ, ಕೈಗೆ ಸಿಕ್ಕಿದ ಕಡ್ಡಿಗೆ ಬಿಗಿದಿದ್ದೆ. ಆಮೇಲೆ ಮರೆತೇ ಹೋಗಿತ್ತು.

“ಯಾರ್ದ್ಲಾ ಮೆಟ್ಟು ಇದು?” ಮೇಸ್ತ್ರಿ ಪಿಸುಗುಟ್ಟಿದರು.

“ಯಜಮಾನರದ್ದೇ... ಬಿಸಾಕಿದ್ರು.”

ಅವರು ತೋಳಿನಿಂದ ಬಾಯಿ ಮುಚ್ಚಿಕೊಂಡು, ಹೊಟ್ಟೆ ಕುಲುಕಿಸಿ ನಕ್ಕರು. ಕಡ್ಡಿಯ ತುದಿಗೆ ಗ್ರೀಸು ಸವರಿ, ಹೆಬ್ಬೆರಳಲ್ಲಿ ಒತ್ತಿ ಟಕ್ಕೆಂದು ಕೂರಿಸಿದರು. ಆಮೇಲೆ ಮೆಲ್ಲಗೆ, “ನಾನಾಗಿ ಯೋಳಾಕಿಲ್ಲ ಕಣ್ಲಾ. ಅವ್ರು ಕೇಳುದ್ರೆ ಸುಳ್ಳೂ ಯೋಳಾಕಿಲ್ಲ. ಯೋಳ್ಬೇಕಾದ್ ಬಾಯಿ ನಿಂದು” ಅಂದು ಚಪ್ಪಲಿಯನ್ನು ನನ್ನ ಕೈಗೆ ಕೊಟ್ಟರು.

ಸ್ಟಾರ್ಟ್ ಮಾಡಿದಾಗ ಕಾರು ಗುಂಯ್ ಎನ್ನುತ್ತಾ ಮೇಲೆದ್ದಿತು. ದೀಪವೂ ಆರಿತು.

“ಏನಾಗಿತ್ತು?” ಎಂದರು ಯಜಮಾನರು.

“ಒಂದು ಕಡ್ಡಿ ಕಳಚ್ಕೊಂಡಿತ್ತು ಅಷ್ಟೇಯ.”

“ಹೇಗೆ ಕಳಚಿತು?”

ಮೇಸ್ತ್ರಿ ಸೀಮೆಎಣ್ಣೆಯಲ್ಲಿ ಕೈ ತೊಳೆಯಲು ಕೂತರು. ತಲೆ ಎತ್ತಲಿಲ್ಲ. ಒಂದೊಂದೇ ಬೆರಳು ಉಜ್ಜುತ್ತಾ ನನಗೆಂದೇ ಹೊತ್ತು ಮಾಡಿದರು. ನಾನು ಬೆನ್ನ ಹಿಂದಿನಿಂದ ಚಪ್ಪಲಿ ತೆಗೆದು ಮುಂದಿಟ್ಟು ಎಲ್ಲವನ್ನೂ ಹೇಳಿದೆ.

ಯಜಮಾನರು ಅದನ್ನು ಹೊರಳಿಸಿ ನೋಡಿದರು. ಗುರುತು ಹತ್ತಿತು. ಕೆಸರು ಕೊಡವುತ್ತಾ ಕೇಳಿದರು: “ಇದರ ಜೋಡಿ ಎಲ್ಲಯ್ಯಾ?”

“ನಿಮ್ಮ ಜೀಪಿಗೆ ಕಟ್ಟಿದ್ದೀನಿ ಯಜಮಾನ್ರೆ.”

ಮೊದಲು ಮೇಸ್ತ್ರಿ ನಕ್ಕರು. ಆಮೇಲೆ ಯಜಮಾನರೂ ನಕ್ಕರು. “ಗಾಡಿ ಹತ್ತು” ಎಂದರು. ಕೆಲಸ ಉಳಿಯಿತು.

ಚಪ್ಪಲಿಯನ್ನು ಒಯ್ಯಲು ಮೇಸ್ತ್ರಿ ಬಿಡಲಿಲ್ಲ. “ಇಷ್ಟು ದೊಡ್ಡ ಕಾರ್ನ ಕುಂಡ್ರಿಸಿದ ಮೆಟ್ಟು, ಇಲ್ಲೇ ಇರ್ಲಿ ಬುಡಿ” ಎಂದು ಶೆಡ್ಡಿನ ಬಾಗಿಲಿಗೆ ಮೊಳೆ ಹೊಡೆದು ನೇತುಹಾಕಿದರು. ಆ ದಾರಿಯಲ್ಲಿ ಹೋದಾಗಲೆಲ್ಲ ನಾನು ಹಾರ್ನ್ ಹೊಡೆಯುತ್ತಿದ್ದೆ. ಅವರು ಕೈ ಎತ್ತುವ ಬದಲು ಚಪ್ಪಲಿಯನ್ನು ಒಮ್ಮೆ ತೂಗಿಬಿಡುತ್ತಿದ್ದರು... ಅವರು ತೀರಿಹೋದ ಸುದ್ದಿ ನನಗೆ ಮುಟ್ಟಿದ್ದು ತಿಂಗಳಾದ ಮೇಲೆ. ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಮೊಳೆ ಮಾತ್ರ ಇತ್ತು.

ಹೆಂಡತಿಗೆ ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಹುಣಸೂರು ಹತ್ತಿರವಾಗಿತ್ತು. “ರಸ್ತೆ ಖಾಲಿ ಇದೆ, ಲಾರಿ ದಾಟಿ ಹೋಗಿ” ಎಂದಳು. ನಾನು ದಾಟಲಿಲ್ಲ. ಅದು ಕೆ.ಆರ್. ನಗರದ ಕಡೆ ತಿರುಗುವವರೆಗೂ ಹಿಂದೆಯೇ ಹೋದೆ. ತಿರುಗುವಾಗ ಒಮ್ಮೆ ಹಾರ್ನ್ ಹೊಡೆದೆ.