ಎಂಟು ಲಿಫ್ಟರುಗಳ ಜೋಡಿ ತಪ್ಪಿದ ದಿನ

ಬಸ್ ಡಿಪೊದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿ ದುಡಿದು ನಾನು ನಿವೃತ್ತನಾದ ಮೂರನೇ ವರ್ಷ. ಬಾಗಲಕೋಟೆಯ ನವನಗರದ ನಮ್ಮ ಮನೆಯ ಹಿಂದೆ ತಗಡಿನ ಶೆಡ್ ಹಾಕಿಕೊಂಡು, ಬೇಸರ ಕಳೆಯಲು ಪರಿಚಯದವರ ಗಾಡಿಗಳನ್ನು ನೋಡುತ್ತಿದ್ದೆ. ಒಂದು ಮಂಗಳವಾರ ಬೆಳಿಗ್ಗೆ ಕಮತಗಿಯ ಸಿದ್ದಪ್ಪ ತನ್ನ ಹಳೆಯ ಕಾರು ತಂದು ನಿಲ್ಲಿಸಿದ. ಎಂಜಿನ್ ಬಂದ್ ಮಾಡುವ ಮೊದಲೇ ಟಕ್ ಟಕ್ ಸದ್ದು ಅಂಗಳವನ್ನೆಲ್ಲ ತುಂಬಿತ್ತು.

“ಎರಡು ಗ್ಯಾರೇಜಿನವರು ಎಂಜಿನ್ ಪೂರಾ ಬಿಚ್ಚಬೇಕು ಅಂದ್ರು, ಹತ್ತು ದಿನ ಹಿಡಿತೈತಂತ್ರಿ,” ಎಂದ. “ಗುರುವಾರ ಮುಂಜಾನೆ ಎಂಟಕ್ಕ ನಮ್ಮಾಕಿ ದವಾಖಾನ್ಯಾಗ ಇರಬೇಕ್ರಿ.”

ಅವನ ಹೆಂಡತಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಹೋಗುವಾಗ ಹೇಗೋ ಬಸ್ಸಿನಲ್ಲಿ ಬರಬಹುದು. ಮರಳುವಾಗ ಆಕೆಗೆ ಕೂರುವ ಶಕ್ತಿಯೂ ಉಳಿಯುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಒರಗಿಸಿಕೊಂಡೇ ಕರೆದೊಯ್ಯಬೇಕು.

ಕಿವಿಗೊಟ್ಟು ಕೇಳಿದೆ. ಸದ್ದು ಎಂಜಿನ್ನಿನ ತಲೆಯ ಕಡೆಯಿಂದ ಬರುತ್ತಿತ್ತು. ನಾನು ಕೆಲಸ ಮಾಡಿದ ಹಳೆಯ ಬಸ್ ಎಂಜಿನ್ನುಗಳಲ್ಲಿ ವಾಲ್ವಿನ ಸಂದಿಯನ್ನು ನಾವೇ ಕೈಯಿಂದ ಹೊಂದಿಸುತ್ತಿದ್ದೆವು. ಈ ಕಾರಿನಲ್ಲಿ ಆ ಕೆಲಸವನ್ನು ಹೈಡ್ರಾಲಿಕ್ ಲಿಫ್ಟರ್ ಮಾಡುತ್ತದೆ. ಹೆಬ್ಬೆರಳಿನಷ್ಟು ಉದ್ದದ ಉಕ್ಕಿನ ಲೋಟ, ಅದರೊಳಗೆ ಮೇಲೆ ಕೆಳಗೆ ಜಾರುವ, ಪ್ಲಂಜರ್ ಎಂಬ ಪುಟ್ಟ ಕೊಂತ, ನಡುವೆ ಎಣ್ಣೆ. ಎಣ್ಣೆ ಒಳಗೇ ನಿಂತರೆ ಸಂದಿ ತುಂಬಿ ಎಂಜಿನ್ ಸುಮ್ಮನಿರುತ್ತದೆ, ಸೋರಿದರೆ ಬಡಿದುಕೊಳ್ಳುತ್ತದೆ. ಲೋಟಕ್ಕೂ ಕೊಂತಕ್ಕೂ ನಡುವಿನ ಅಂತರ ಕೂದಲೆಳೆಯ ದಪ್ಪದ ಹತ್ತನೇ ಒಂದು ಪಾಲೂ ಇರುವುದಿಲ್ಲ.

ಎಂಜಿನ್ನಿನ ಎಂಟೂ ಲಿಫ್ಟರುಗಳನ್ನು ಹೊರತೆಗೆದೆ. ಹಳೆಯ ಡ್ರಿಲ್ಲಿಂಗ್ ಸ್ಟ್ಯಾಂಡಿಗೆ ಸನ್ನೆಕೋಲು ಕಟ್ಟಿ, ಐದು ಕೆಜಿ ತೂಕದ ಕಲ್ಲು ತೂಗುಹಾಕಿ, ಪಕ್ಕಕ್ಕೆ ಇಳಿತವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಕೂರಿಸಿದೆ. ಎಣ್ಣೆ ತುಂಬಿದ ಲಿಫ್ಟರಿನ ಮೇಲೆ ಆ ಭಾರ ಬಿಟ್ಟು, ಕೊಂತ ಒಂದು ಮಿಲಿಮೀಟರ್ ಇಳಿಯಲು ಎಷ್ಟು ಹೊತ್ತು ಬೇಕೆಂದು ಮೊಬೈಲಿನಲ್ಲಿ ಅಳೆಯುವುದೇ ಪರೀಕ್ಷೆ. ಆರು ಲಿಫ್ಟರುಗಳು ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ತಡೆದವು. ಒಂದು ನಾಲ್ಕಕ್ಕೆ, ಇನ್ನೊಂದು ಮೂರಕ್ಕೇ ಕುಸಿದವು.

ಹೇಗೂ ತೆಗೆದಾಗಿದೆ, ಎಂಟನ್ನೂ ಬಿಚ್ಚಿ ತೊಳೆದುಬಿಡೋಣ ಎಂದುಕೊಂಡೆ. ಲೋಟಗಳಿಗೆ ಅಂಕಿ ಬರೆದೆ. ಕೊಂತಗಳನ್ನು ತತ್ತಿಯ ಟ್ರೇಯಲ್ಲಿ ಸಾಲಾಗಿಟ್ಟು, ಅಂಕಿಯನ್ನು ಟ್ರೇಯ ಮೇಲೆ ಬರೆದೆ, ಕೊಂತದ ಮೇಲೆ ಬರೆಯಲಿಲ್ಲ. ಏರ್ ಕಂಪ್ರೆಸರಿನ ಪೈಪು ಎಳೆಯುವಾಗ ಅದು ಟ್ರೇಗೆ ತೊಡರಿತು. ಎಂಟೂ ಕೊಂತಗಳು ಹಾಸಿದ್ದ ಗೋಣಿತಟ್ಟಿನ ಮೇಲೆ ಉರುಳಿದವು. ಪೆಟ್ಟು ಯಾವುದಕ್ಕೂ ಆಗಿರಲಿಲ್ಲ. ಆದರೆ ಯಾವುದು ಯಾವ ಲೋಟದ್ದು?

ಪ್ರತಿ ಜೋಡಿಯನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಆರಿಸಿ ಕೂಡಿಸಿರುತ್ತಾರೆ. ಅದಲುಬದಲಾದರೆ ಒಳ್ಳೆಯವೂ ಕೆಟ್ಟಂತೆಯೇ. ಎಂಟಕ್ಕೆ ಎಂಟು, ಅರವತ್ತನಾಲ್ಕು ಬಗೆಯ ಜೋಡಿ. ಒಂದೊಂದರ ಪರೀಕ್ಷೆಗೆ ಕಾಲು ಗಂಟೆ. ಬರೀ ಪರೀಕ್ಷೆಗೇ ಹದಿನಾರು ಗಂಟೆ. ಸಿದ್ದಪ್ಪನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ.

“ನಿಮ್ಮನ್ನ ನಂಬಿ ಕುಂತೇನ್ರಿ,” ಎಂದಷ್ಟೇ ಅವನು ಹೇಳಿದ. ಬೈದಿದ್ದರೆ ಹಗುರವಾಗುತ್ತಿತ್ತು.

ಬುಧವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನನ್ನ ಹೆಂಡತಿ ಶಾಂತಾ ಚಹಾ ತಂದಳು. ಆಕೆ ಇಳಕಲ್ಲಿನ ನೇಕಾರರ ಮಗಳು. ಮದುವೆಗೆ ಮುಂಚೆ ಸೀರೆಯ ಮೈಯ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ಆಕೆಯ ಕೆಲಸವಾಗಿತ್ತು. ಅದು ನನಗೆ ಗೊತ್ತಿದ್ದ ಸಂಗತಿ, ಅಷ್ಟೇ. ಅದರ ಬಗ್ಗೆ ಯೋಚಿಸಿದವನಲ್ಲ.

“ನಿನ್ನಿಯಿಂದ ಏನ್ ಹುಡುಕಾಕತ್ತೀರಿ?” ಎಂದಳು. ಹೇಳಿದೆ. ಆಕೆ ಸಾಬೂನು ಹಚ್ಚಿ ಕೈ ತೊಳೆದು, ಒಣಗುವವರೆಗೆ ಕಾದು, ಎದುರಿಗೆ ಕುಳಿತಳು. “ಖರೆ ಜೋಡಿ ಇದ್ರ ಹೆಂಗಿರತೈತಿ ಅಂತ ಹೇಳ್ರಿ.”

ಒರೆಸಿದ ಲೋಟಕ್ಕೆ ಕೊಂತ ಬಿಟ್ಟರೆ ಒಳಗಿನ ಗಾಳಿಗೆ ಆ ಸಂದಿಯೊಂದೇ ದಾರಿ. ಸರಿಯಾದ ಜೋಡಿಯಾದರೆ ಕೊಂತ ಬೀಳುವುದಿಲ್ಲ, ತಡೆಯುವುದೂ ಇಲ್ಲ, ಮೆಲ್ಲಗೆ ಇಳಿಯುತ್ತದೆ ಎಂದೆ. ನಾನೂ ಹಾಗೆ ನೋಡಿದ್ದೆ. ಆದರೆ ನನ್ನ ಕಣ್ಣಿಗೆ ಮೂರು ನಾಲ್ಕು ಕೊಂತಗಳು ಒಂದೇ ತೆರನಾಗಿ ಇಳಿದಂತೆ ಕಾಣುತ್ತಿದ್ದವು.

ಶಾಂತಾ ಕಣ್ಣು ಬಾಗಿಲ ಕಡೆ ಇಟ್ಟು, ಲೋಟವನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಎರಡು ಬೆರಳಿನಿಂದ ಕೊಂತ ಬಿಡುತ್ತ ಹೋದಳು. “ಇದು ಬಿಗಿ. ಇದು ಸಡ್ಲ. ಇದು... ಹಾಂ, ಇದು ಕುಂತಿತು ನೋಡ್ರಿ.” ನಾನು ನಡುವೆ ಏನೋ ಹೇಳಹೋದೆ. “ಸುಮ್ನಿರ್ರಿ, ಮಾತಾಡಿದ್ರ ಬೆರಳಿಗೆ ತಿಳಿಯೂದಿಲ್ಲ,” ಎಂದಳು.

ಮುಕ್ಕಾಲು ಗಂಟೆಯಲ್ಲಿ ಎಂಟು ಜೋಡಿ ಕಟ್ಟಿದಳು. ಕೊನೆಯದನ್ನು ಕೈಗೆ ಕೊಡುತ್ತ, “ಇದಕ್ಕ ಜೋಡಿ ಇದೇ, ಆದ್ರ ಇದು ಸವದೈತಿ,” ಎಂದಳು.

ಒಂದೊಂದಾಗಿ ಎಣ್ಣೆ ತುಂಬಿ ಭಾರ ಬಿಟ್ಟೆ. ಇಪ್ಪತ್ತೆರಡು ಸೆಕೆಂಡು. ಇಪ್ಪತ್ತಾರು. ಇಪ್ಪತ್ತೊಂದು. ಏಳೂ ಇಪ್ಪತ್ತು ದಾಟಿದವು. ಮೊದಲು ಸೋರುತ್ತಿದ್ದ ಎರಡರಲ್ಲಿ ಒಂದಕ್ಕೆ ಬರೀ ಕಸ ಸಿಕ್ಕಿತ್ತೆಂದು ಆಗ ತಿಳಿಯಿತು. ಎಂಟನೆಯದು ಮೂರೇ ಸೆಕೆಂಡಿಗೆ ಕುಸಿಯಿತು. ಸವೆದಿದೆ ಎಂದಿದ್ದಳಲ್ಲ, ಅದೇ. ಡಯಲ್ ಗೇಜು ಭಾರದ ಕೆಳಗೆ ಕಂಡದ್ದನ್ನು ಆಕೆಯ ಬೆರಳು ಬರಿಗಾಳಿಯಲ್ಲೇ ಕಂಡಿತ್ತು.

ಸಿದ್ದಪ್ಪ ಮೋಟರ್ ಸೈಕಲ್ ಮೇಲೆ ಹುನಗುಂದಕ್ಕೆ ಹೋಗಿ, ಗುಜರಿಗೆ ಬಂದಿದ್ದ ಅದೇ ಮಾದರಿಯ ಎಂಜಿನ್ನಿನಿಂದ ಮೂರು ಲಿಫ್ಟರ್ ತಂದ. ಮೂರನ್ನೂ ಪರೀಕ್ಷಿಸಿದೆ, ಎರಡನೆಯದು ಹದಿನೆಂಟು ಸೆಕೆಂಡು ನಿಂತಿತು. ಅದನ್ನೇ ಹಾಕಿದೆ. ಸಂಜೆ ಐದಕ್ಕೆ ಕೀಲಿ ತಿರುಗಿಸಿದಾಗ ಮತ್ತೆ ಅದೇ ಟಕ್ ಟಕ್. ಸಿದ್ದಪ್ಪನ ಮುಖ ಬಾಡಿತು. “ತಡಿ, ಎಣ್ಣಿ ತುಂಬಲಿ,” ಎಂದೆ. ಅರ್ಧ ನಿಮಿಷಕ್ಕೆ ಸದ್ದು ತೆಳ್ಳಗಾಯಿತು, ಆಮೇಲೆ ನಿಂತೇ ಹೋಯಿತು. ಗುರುವಾರ ಎಂಟಕ್ಕೆ ಮುಂಚೆಯೇ ದವಾಖಾನೆ ಮುಟ್ಟಿದೆವೆಂದು ಅವನ ಫೋನ್ ಬಂತು.

ಡಿಪೊದಲ್ಲಿ ಹೊಸಬರಿಗೆ ನಾನು ಹೇಳುತ್ತಿದ್ದ ಮಾತೊಂದಿತ್ತು: ಕೈಯನ್ನು ನಂಬಬೇಡಿ, ಗೇಜನ್ನು ನಂಬಿ. ಈಗಲೂ ಗೇಜಿಲ್ಲದೆ ಯಾವ ಭಾಗವನ್ನೂ ಗಾಡಿಗೆ ಹಾಕುವುದಿಲ್ಲ. ಆದರೆ ಆ ಮಾತಿನ ಮೊದಲ ಅರ್ಧ ಹೇಳುವುದನ್ನು ಬಿಟ್ಟಿದ್ದೇನೆ. ಕೈಯನ್ನು ನಂಬುವ ಮೊದಲು ಅದು ಏನೇನು ಕೆಲಸ ಮಾಡಿ ಬಂದಿದೆ ಎಂದು ಕೇಳಬೇಕು. ಮೂವತ್ತನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಕೇಳಿರಲಿಲ್ಲ. ಅಂದು ಸಂಜೆ ಕೇಳಿದೆ, ಒಂದು ಸೀರೆಗೆ ಎಷ್ಟು ಎಳೆ ಕೂಡಿಸುತ್ತಿದ್ದೆ ಎಂದು.

“ಸಾವಿರಗಟ್ಲೆ ಇರತಾವ್ರಿ,” ಎಂದಳು ಶಾಂತಾ. “ಒಂದು ತಪ್ಪಿದ್ರೂ ಸೆರಗಿನ್ಯಾಗ ಕಾಣತೈತಿ.”