ಊಟವಾದ ಮೇಲಿನ ಹಸಿವು

ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಬಸ್ಸು ಬದಲಿಸುತ್ತ, ಒಂದೇ ಮಾತು ಹೇಳಿ ಹೇಳಿ ನನ್ನ ಗಂಟಲು ಸೋತುಹೋಗಿತ್ತು. ಮೆದುಳಿನ ಕಾಯಿಲೆಗಳ ಸಂಶೋಧನೆ ಮಾಡುವ ತಂಡದಲ್ಲಿ ನನ್ನದು ಊರೂರಿಗೆ ಹೋಗಿ ತಿಳಿಸಿ ಹೇಳುವ ಕೆಲಸ. ಅಲ್ಝೈಮರ್ ಎಂಬ ಹೆಸರು ಯಾರ ಬಾಯಲ್ಲೂ ತಿರುಗದ್ದರಿಂದ ಮರೆವಿನ ರೋಗ ಎನ್ನುತ್ತಿದ್ದೆವು. ಜನರ ಬಳಿ ಉತ್ತರ ಸಿದ್ಧವಾಗಿರುತ್ತಿತ್ತು: ಅರವತ್ತಕ್ಕೆ ಅರಳು ಮರಳು. ಅದಕ್ಕೊಂದು ಸಭೆ ಬೇರೆ ಬೇಕೇ? ಆಮೇಲೆ, "ಮೊಣಕಾಲಿಗೆ ಗುಳಿಗಿ ಐತೇನ್ರಿ?" ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎನ್ನಬೇಕೆನಿಸುತ್ತಿತ್ತು. ಆದರೆ ಮರೆವಿಗೂ ಗುಳಿಗೆ ನನ್ನ ಚೀಲದಲ್ಲಿ ಇರಲಿಲ್ಲವಲ್ಲ.

ಕೌಜಲಗಿಯಲ್ಲಿ ಸಭೆಗೆ ಮೊದಲೇ ಒಬ್ಬ ಹೆಣ್ಣುಮಗಳು ನನ್ನನ್ನು ಮಠದ ಹಿಂದೆ ತಡೆದಳು. ಅವಳ ಅತ್ತೆ ಉಂಡು ಕೈ ತೊಳೆದವಳೇ ಹೊರಗಿನ ಕಟ್ಟೆಗೆ ಹೋಗಿ, ಸೊಸೆ ರೊಟ್ಟಿ ಹಾಕಲಿಲ್ಲ ಎಂದು ಅಳುತ್ತಿದ್ದಳು. ಹಸಿದವರನ್ನು ಹಾಗೇ ಬಿಡುವ ಪದ್ಧತಿ ಆ ಓಣಿಯಲ್ಲಿಲ್ಲ. ಹೆಂಗಸರು ಸೆರಗಿನಡಿ ರೊಟ್ಟಿ ತಂದು ಮುದುಕಿಗೆ ತಿನ್ನಿಸುತ್ತಿದ್ದರು, ಸೊಸೆಯ ಜೊತೆ ಮಾತು ಬಿಟ್ಟಿದ್ದರು.

"ತವರಮನಿಯವ್ರೂ ನನಗ ಬೈಯಾಕತ್ತಾರ್ರಿ. ನೀವರ ಹೇಳ್ರಿ ಈ ಓಣಿ ಮಂದಿಗೆ," ಎಂದಳು.

ಹೇಳಿದೆ. ಸಭೆಯಲ್ಲಿ, ಮರೆವಿನ ರೋಗ ಬಂದವರು ಸುಳ್ಳು ಹೇಳುವುದಿಲ್ಲ, ಉಂಡದ್ದೇ ಅವರ ನೆನಪಿನಲ್ಲಿ ನಿಲ್ಲುವುದಿಲ್ಲ ಎಂದೆ. ನಾನು ಯಾರತ್ತಲೂ ಬೊಟ್ಟು ಮಾಡದಿದ್ದರೂ ಎಲ್ಲರಿಗೂ ಗೊತ್ತಾಯಿತು. ಆ ಸೊಸೆಯ ಪಕ್ಕದ ಮನೆಯಾಕೆ ತಟ್ಟನೆ ಎದ್ದಳು.

"ಈಕಿ ಅತ್ತಿ, ನಮ್ಮ ಓಣಿ ಆಯಿ, ದಿನಾ ಹಣಿಗೆ ಇಬತ್ತಿ ಹಚ್ಕೊಂಡು ಲಿಂಗಪೂಜಿ ಮಾಡ್ತಾಳ. ಪೂಜಿ ನೆನಪಿದ್ದಾಕಿಗೆ ಊಟ ಮರೀತೈತೇನ್ರಿ?"

ಸಭೆಯೆಲ್ಲ ತಲೆಯಾಡಿಸಿತು. ಹಳೆಯ ರೂಢಿ ಉಳಿಯುತ್ತದೆ, ಈಗಿನದು ಜಾರುತ್ತದೆ ಎಂದು ವಿವರಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ದಣಿವು.

ಸಭೆ ಮುಗಿದು ಮಠದಲ್ಲೇ ಪಂಕ್ತಿ ಕೂತಿತು. ಪಕ್ಕದ ಮನೆಯಾಕೆ ಮುದುಕಿಯನ್ನು ಮೊದಲ ಸಾಲಿನಲ್ಲಿ ಕೂರಿಸಿ, ಸೊಸೆಗೆ ಕೇಳುವ ಹಾಗೆ "ಹೊಟ್ಟಿ ತುಂಬ ಉಣ್ಣು ಆಯಿ" ಎನ್ನುತ್ತ ಗೋಧಿ ಹುಗ್ಗಿ, ಅನ್ನ, ಸಾರು ತಾನೇ ಬಡಿಸಿದಳು. ಮುದುಕಿ ತಾಟು ಬಳಿದು ಉಂಡಳು. ಹೋಗಿ ಕೈ ತೊಳೆದು ಬಂದು ಬಡಿಸಿದಾಕೆಯ ಎದುರಿಗೇ ನಿಂತು ಕಣ್ಣೊರೆಸಿಕೊಂಡಳು.

"ಎಲ್ಲಾರಿಗೂ ಬಡಿಸಿದಿ. ನನಗಷ್ಟ ಒಂದ್ ತುತ್ತು ಹಾಕಲಿಲ್ಲಲ್ಲ ಯವ್ವಾ?"

ಪಕ್ಕದ ಮನೆಯಾಕೆ ಸೌಟು ಕೆಳಗಿಟ್ಟು, ಎಲ್ಲರ ಮುಂದೆ ಸೊಸೆಯ ಕೈ ಹಿಡಿದು "ತಪ್ಪಾತವ್ವಾ" ಎಂದಳು. ಸುಳ್ಳೇಕೆ, ನಾನು ಹಿಗ್ಗಿದೆ.

ನಾನು ಬಸ್ಸಿಗೆ ಹೊರಟಾಗ ಸೊಸೆ ಅತ್ತೆಯ ತೋಳು ಹಿಡಿದುಕೊಂಡೇ ಜೊತೆಗೆ ಬಂದಳು. ದಾರಿಯುದ್ದಕ್ಕೂ ಮುದುಕಿ, ಉಪವಾಸ ಕೆಡವಿದಳು ಎಂದು ಅವಳನ್ನೇ ಬೈಯುತ್ತಿದ್ದಳು.

"ಊರು ನಂಬಿತ್ರಿ," ಎಂದಳು ಸೊಸೆ. "ಇನ್ನ ನಮ್ಮತ್ತಿ ಯಾವಾಗ ನಂಬ್ತಾಳ್ರಿ?"

ನಂಬುವುದಿಲ್ಲವ್ವಾ ಎಂದು ನಾನೇ ಹೇಳಬೇಕಾಯಿತು.